ಬಾಗಿಲಿಗೆ ಕಟ್ಟಿದ ಬಿಬ್ಬಾ

ನಮ್ಮ ವಂಶದಲ್ಲಿ ಹೊಲ ಉತ್ತವರುಂಟು, ಎತ್ತಿನ ವ್ಯಾಪಾರ ಮಾಡಿದವರುಂಟು, ಕುಸ್ತಿಯಲ್ಲಿ ಬೆಳ್ಳಿಯ ಕಡಗ ಗೆದ್ದ ಮುತ್ತಜ್ಜನೂ ಉಂಟು. ಬಿ.ಎ. ಪಾಸಾದವನು ಮಾತ್ರ ನಾನೊಬ್ಬನೇ! ಧಾರವಾಡದಲ್ಲಿ ಓದಿ, ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ, ಶನಿವಾರ ಪೇಟೆಯ ವಾಡೆಯೊಂದರಲ್ಲಿ ಎರಡು ಕೋಣೆ ಹಿಡಿದು ಸಂಸಾರ ಹೂಡಿದ ಮೇಲೆ ನನಗೊಂದು ನಂಬಿಕೆ ಗಟ್ಟಿಯಾಗಿತ್ತು. ಪುಸ್ತಕದಲ್ಲಿ ಉತ್ತರ ಸಿಗದ ಪ್ರಶ್ನೆ ಭೂಮಂಡಲದಲ್ಲಿ ಇಲ್ಲ. ಆದ್ದರಿಂದ ಎಂಟು ವರ್ಷದ ಹಿಂದೆ ನನ್ನ ಹೆಂಡತಿ ಕಾಶವ್ವನಿಗೆ ಮೂರು ತಿಂಗಳು ತುಂಬಿದಾಗ ಎದೆಯುಬ್ಬಿಸಿ ಸಾರಿದೆ:

"ಈ ಸಲ ಎಲ್ಲಾ ಜವಾಬ್ದಾರಿ ನಂದು. ನೀ ಒಂದು ಚಿಂತೀನೂ ಮಾಡಬ್ಯಾಡ."

"ಎಲ್ಲಾನೂ?" ಎಂದು ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹಂಗಾರ ಹಡಿಯೂದೂ ನೀವೇ ಹಡೀರಿ."

'ಈ ಸಲ' ಎಂದದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಒಮ್ಮೆ ಬಸುರಾಗಿ ನಾಲ್ಕನೇ ತಿಂಗಳಲ್ಲಿ ಇಳಿದುಹೋಗಿತ್ತು. ಕಾಶವ್ವ ಒಂದು ತಿಂಗಳು ಗೋಡೆಯ ಕಡೆ ಮುಖಮಾಡಿ ಮಲಗಿದ್ದಳು. ಆಗ ನಾನು ಸುದ್ದಿ ತಿಳಿದ ದಿನವೇ ಕಚೇರಿಗೆಲ್ಲ ಪೇಡೆ ಹಂಚಿದ್ದೆ. ಜನರ ದೃಷ್ಟಿ ತಾಗಿದ್ದೇ ಅದರಿಂದ ಎಂದು ನಮ್ಮವ್ವ ರುದ್ರವ್ವನ ತೀರ್ಪು. ಈ ಸಲ ಆಕೆ ಊರಿಂದ ರೈಲು ಹತ್ತಿ ಬಂದು, ನನ್ನ ಕೈಯನ್ನು ತನ್ನ ತಲೆಯ ಮೇಲೆ ಇರಿಸಿಕೊಂಡು ಆಣೆ ಮಾಡಿಸಿದಳು. "ಐದನೇ ತಿಂಗಳ ಕುಬಸದ ಕಾರ್ಯ ಆಗೂತನಕ ಒಬ್ಬರ ಮುಂದೂ ನೀ ಬಾಯಿ ಬಿಡಬಾರದು." ಅವ್ವನ ತಲೆ ಮುಟ್ಟಿ ಆಡಿದ ಮಾತು. ಯಾವ ಪದವೀಧರನೂ ಅದನ್ನು ಮೀರಲಾರ.

ಅವ್ವ ಊರಿಗೆ ಮರಳಿದ ವಾರದಲ್ಲೇ ಕಾಶವ್ವನ ಎಡಮೊಣಕೈ ಹತ್ತಿರ ಒಂದು ಹುಳಕಡ್ಡಿ ಎದ್ದಿತು. ರೂಪಾಯಿಯಗಲದ ಕೆಂಪು ಬಳೆ, ಹಗಲೂ ರಾತ್ರಿ ತುರಿಕೆ. ಜವಾಬ್ದಾರಿ ಹೊತ್ತವನು ಸುಮ್ಮನಿರುತ್ತಾನೆಯೇ? ಬುಧವಾರ ಪೇಟೆಗೆ ಓಡಿ 'ತುರಿಕಾಂತಕ' ಎಂಬ ಮುಲಾಮಿನ ಡಬ್ಬಿ ತಂದೆ. ಡಬ್ಬಿಯ ಮೇಲೆ ಹುಲಿಯೊಂದು ತನ್ನ ಬೆನ್ನನ್ನು ತಾನೇ ಕೆರೆದುಕೊಳ್ಳುತ್ತಿತ್ತು. ಹದಿನೆಂಟು ಬಗೆಯ ಚರ್ಮರೋಗಗಳಿಗೆ ಇದೊಂದೇ ಮದ್ದು ಎಂದು ಕೆಳಗೆ ಬರೆದಿತ್ತು. ದಿನಕ್ಕೆ ಮೂರು ಸಲ ಹಚ್ಚಲೇಬೇಕೆಂದು ಕಟ್ಟಪ್ಪಣೆ ಮಾಡಿದೆ. ಕಚೇರಿಯಿಂದ ಬಂದೊಡನೆ ಡಬ್ಬಿ ತೆರೆದು ನೋಡುವೆ. ಮುಲಾಮು ದಿನದಿನಕ್ಕೆ ಇಳಿಯುತ್ತಿತ್ತು. ಆಜ್ಞಾಧಾರಕ ಹೆಂಡತಿಯನ್ನು ಪಡೆದವನ ಭಾಗ್ಯವೇ ಭಾಗ್ಯ!

ಮೂರು ವಾರ ಕಳೆದವು. ಒಂದು ಭಾನುವಾರ ವಾಚನಾಲಯದಲ್ಲಿ ಗರ್ಭಿಣಿಯರ ಆರೋಗ್ಯವನ್ನು ಕುರಿತ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಪೆನ್ಸಿಲು, ನೋಟುಬುಕ್ಕು ಹಿಡಿದು ಪರೀಕ್ಷೆಗೆ ಕೂತವನಂತೆ ಓದಿದೆ. ನೂರಾ ಹನ್ನೆರಡನೇ ಪುಟದಲ್ಲಿ ನನ್ನ ಪೆನ್ಸಿಲು ನಿಂತುಹೋಯಿತು. ಕೆಲವು ಚರ್ಮದ ಮುಲಾಮುಗಳಲ್ಲಿ ಪಾದರಸವಿರುತ್ತದೆ, ಅದು ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ, ಗರ್ಭದ ಕೂಸಿಗೆ ಕೇಡು ಮಾಡಬಹುದು ಎಂದು ಅಲ್ಲಿ ಬರೆದಿತ್ತು.

ಮನೆಗೆ ಓಡಿ ಬಂದು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹುಲಿಯ ಬಾಲದ ಅಡಿಯಲ್ಲಿ, ಇರುವೆ ಹೆಜ್ಜೆಯಂಥ ಅಕ್ಷರದಲ್ಲಿ ಕೊನೆಯ ಹೆಸರು ಅದೇ: ಪಾದರಸ. ಇಪ್ಪತ್ತೊಂದು ದಿನ, ದಿನಕ್ಕೆ ಮೂರು ಸಲ, ಒಟ್ಟು ಅರವತ್ಮೂರು ಸಲ. ತಂದವನು ನಾನು, ಹಚ್ಚೆಂದವನು ನಾನು. ಡಬ್ಬಿಯನ್ನು ಕೋಟಿನ ಜೇಬಿಗೆ ಇಳಿಸಿದೆ. ಕಾಶವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಆಕೆ ಮತ್ತೆ ಗೋಡೆಯ ಕಡೆ ತಿರುಗಿದರೆ ನೋಡುವ ಶಕ್ತಿ ನನಗಿರಲಿಲ್ಲ. ವಿಚಿತ್ರವೆಂದರೆ ಡಬ್ಬಿ ಎಲ್ಲಿ ಎಂದು ಆಕೆಯೂ ಕೇಳಲಿಲ್ಲ. ಅಯ್ಯೋ ಮುಗ್ಧೆ ಎಂದುಕೊಂಡೆ.

ಮರುದಿನ ಬೆಳಿಗ್ಗೆಯೇ ಡಾಕ್ಟರ್ ಅವಧೂತರಾಯರ ದವಾಖಾನೆಗೆ ಹೋದೆ. ಅವರು ಬೆಳಗಾವಿಯಲ್ಲಿ ಬೆಳೆದವರು, ಬಹಳ ವರ್ಷ ಸೈನ್ಯದ ಪಲ್ಟನ್ನಿನಲ್ಲಿ ಡಾಕ್ಟರಾಗಿದ್ದವರು. ಕನ್ನಡದಲ್ಲಿ ನರಳಬಹುದೆಂಬ ಕಾರಣಕ್ಕೆ ನಮ್ಮ ಕಡೆಯವರೆಲ್ಲ ಅವರಲ್ಲಿಗೇ ಹೋಗುತ್ತಿದ್ದರು. ಅದೇ ತೊಂದರೆಯಾಯಿತು. ಬೆಂಚಿನ ಮೇಲೆ ನಮ್ಮ ತಾಲೂಕಿನ ಅರಿವೆ ವ್ಯಾಪಾರಿ ಈರಬಸಪ್ಪನವರು ಕೂತಿದ್ದರು. ಅವರ ಕಿವಿಗೆ ಬಿದ್ದ ಮಾತು ಮೂರನೇ ದಿನಕ್ಕೆ ನಮ್ಮೂರ ಬಾವಿಕಟ್ಟೆ ಮುಟ್ಟುತ್ತಿತ್ತು. ಅವರಿಲ್ಲದಿದ್ದರೂ ಆಣೆ ಆಣೆಯೇ.

"ಯಾರಿಗೇನಾಗೇದ?" ಎಂದರು ಡಾಕ್ಟರರು.

"ನನಗೇರಿ. ಹುಳಕಡ್ಡಿ. ಮೂರು ವಾರ ಒಂದು ಮುಲಾಮು ಹಚ್ಚೇನಿ. ಮೈಯೊಳಗ ಏನರ ಕೇಡಾಗಿರಬಹುದೇನ್ರಿ?"

"ತೋರಸ್ರಿ."

ನಾನು ಅಂಗಿಯ ತೋಳನ್ನು ಮಡಚಿದೆ, ಬಿಚ್ಚಿದೆ. ಈಗ ಅದು ಇಲ್ಲ, ಬರುತ್ತದೆ ಹೋಗುತ್ತದೆ ಎಂದು ತೊದಲಿದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹಂಗಾರ ಅದು ಮನ್ಯಾಗ ಇದ್ದಾಗ ಕರಕೊಂಡು ಬರ್ರಿ" ಎಂದರು. ಈರಬಸಪ್ಪನವರು ನಕ್ಕರು.

ದಾರಿಯುದ್ದಕ್ಕೂ ಯೋಚಿಸಿದೆ. ಉತ್ತರ ಬೇಕಾದರೆ ಒಂದು ಗುಳ್ಳೆ ಬೇಕು. ಗುಳ್ಳೆಯನ್ನು ಎಲ್ಲಿಂದ ತರಲಿ? ಮನೆಯ ಹೊಸ್ತಿಲಲ್ಲಿ ತಲೆಯೆತ್ತಿದರೆ ಉತ್ತರ ಅಲ್ಲೇ ತೂಗುತ್ತಿತ್ತು. ಪಕ್ಕದ ಕೋಣೆಯ ರಾಧಾಬಾಯಿಯವರು, ಸೋಲಾಪುರ ಕಡೆಯ ಹಿರಿಯರು, ಒಂದು ತಿಂಗಳ ಹಿಂದೆ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಅವುಗಳ ನಡುವೆ ಒಂದು ಕಪ್ಪು ಬಿಬ್ಬಾ ಪೋಣಿಸಿ ನಮ್ಮ ಬಾಗಿಲಿಗೆ ಕಟ್ಟಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ನಾನು ಓದಿದ್ದು ಇತಿಹಾಸವಾದರೂ ಮೂಢನಂಬಿಕೆಗಳ ವಿಷಯದಲ್ಲಿ ವಿಜ್ಞಾನಿಯಂತೆ ನಡೆದುಕೊಳ್ಳುತ್ತಿದ್ದೆ. ಬಿಬ್ಬಾ ಎಂದರೆ ಅಗಸರು ಬಟ್ಟೆಗೆ ಗುರುತು ಹಾಕುವ ಬೀಜ. ಅದರ ಕರಿಯ ರಸ ಅರಿವೆಗೆ ತಾಗಿದರೆ ಏಳು ಜನ್ಮಕ್ಕೂ ಹೋಗದು, ಚರ್ಮಕ್ಕೆ ತಾಗಿದರೆ ಬೊಬ್ಬೆ ಎಬ್ಬಿಸುತ್ತದೆ. ನಮ್ಮೂರ ಶಾಲೆಯಲ್ಲಿ ಗೂಳಪ್ಪನೆಂಬ ಮಹಾನುಭಾವ ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಇದನ್ನೇ ಹಚ್ಚಿಕೊಂಡು ಮನೆಯಲ್ಲಿ ಉಳಿಯುತ್ತಿದ್ದ. ಎಷ್ಟು ಹಚ್ಚುತ್ತಿದ್ದ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಆ ದಿನಗಳಲ್ಲಿ ನಾನು ಶಾಲೆಗೆ ಹೋಗಿರುತ್ತಿದ್ದೆ.

ಕಾಶವ್ವ ನಳದ ಹತ್ತಿರ ಇದ್ದಾಗ ಬಿಬ್ಬಾ ಬಿಚ್ಚಿಕೊಂಡೆ. ಸೂಜಿಯಿಂದ ಚುಚ್ಚಿ ಮುಂಗೈ ಮೇಲೆ ಒಂದು ಹನಿ ಇಟ್ಟೆ. ಒಂದು ತಾಸಾದರೂ ಏನೂ ಆಗಲಿಲ್ಲ. ಇನ್ನೊಂದು ಹನಿ ಇಟ್ಟೆ. ಸಂಜೆಗೂ ಏನೂ ಇಲ್ಲ. ಶ್ರದ್ಧಾವಂತ ವಿದ್ಯಾರ್ಥಿ ನಾನು. ಉಳಿದದ್ದನ್ನೆಲ್ಲ ಹಿಂಡಿ ಚೆನ್ನಾಗಿ ತಿಕ್ಕಿದೆ. ಆಮೇಲೆ ಅದೇ ಕೈಯಿಂದ ಮುಖದ ಬೆವರು ಒರೆಸಿಕೊಂಡೆ.

ಮರುದಿನದ ಮಧ್ಯಾಹ್ನದ ಹೊತ್ತಿಗೆ ಮುಂಗೈ ಉರಿಯತೊಡಗಿತು. ಬುಧವಾರ ಬೆಳಿಗ್ಗೆ ಕನ್ನಡಿಯಲ್ಲಿ ಇಣುಕಿದವನು ನಾನಾಗಿರಲಿಲ್ಲ. ಕೈ ಬೆಂದ ಬದನೆಕಾಯಿಯಾಗಿತ್ತು. ಕೆನ್ನೆಗಳು ಮೇಲೇರಿ ಬಂದು ಕಣ್ಣುಗಳನ್ನು ಕೆಳಗೆ ಹಾಕಿ ಕೂತಿದ್ದವು.

"ಏನಾತ್ರೀ ಇದು?" ಎಂದು ಕಾಶವ್ವ ಹೌಹಾರಿದಳು.

"ಕಚೇರಿಯ ಹಳೇ ಕಾಗದದ ಧೂಳು."

"ಕಾಗದಾ ಓದಿದ್ರೋ, ಅದರೊಳಗ ಹೊಳ್ಳಾಡಿದ್ರೋ? ತಡೀರಿ, ಕೊಬ್ಬರಿ ಎಣ್ಣಿ ಹಚ್ಚತೀನಿ."

ಮುಖಕ್ಕೆ ರುಮಾಲು ಸುತ್ತಿಕೊಂಡು ದವಾಖಾನೆಗೆ ಹೋದೆ. ಡಾಕ್ಟರರು ರುಮಾಲು ಸರಿಸಿ ಒಂದೇ ಸಲ ನೋಡಿದರು.

"ಬಿಬ್ಬಾ" ಎಂದರು. "ಪಲ್ಟನ್ನಿನಾಗ ರಜಾ ಸಲುವಾಗಿ ಇದನ್ನ ಹಚ್ಚಿಕೊಂಡವರನ್ನ ಭಾಳ ಮಂದೀನ ನೋಡೇನಿ. ಯಾರೂ ಮುಖಕ್ಕ ಹಚ್ಚಿಕೊಂಡಿರಲಿಲ್ಲ. ನಿಮಗ ಯಾರ ಕಡೆಯಿಂದ ರಜಾ ಬೇಕಾಗಿತ್ತು?"

ಆಗ ಕಚೇರಿಯ ಬುದ್ಧಿ ಕೈಹಿಡಿಯಿತು. ಬಾಯಿ ಬಿಡಬಾರದು ಎಂದಲ್ಲವೇ ಆಣೆ? ಬರೆಯಬಾರದು ಎಂದು ಅವ್ವ ಹೇಳಿಲ್ಲ. ಕಾಗದ ಕೇಳಿ ಇಸಿದುಕೊಂಡು, ಊದಿದ ಬೆರಳುಗಳಲ್ಲಿ ಅರ್ಜಿ ಬರೆದೆ. "ವಿಷಯ: ತುರಿಕಾಂತಕ ಮುಲಾಮು, ಅರವತ್ಮೂರು ಸಲ. ಹಚ್ಚಿಕೊಂಡವರು: ಅರ್ಜಿದಾರನ ಹೆಂಡತಿ, ನಾಲ್ಕನೇ ತಿಂಗಳು. ಹಿಂದೊಂದು ಹೋಗಿದೆ. ಕೂಸಿಗೆ ಭಯವುಂಟೋ ಇಲ್ಲವೋ ದಯವಿಟ್ಟು ತಿಳಿಸಬೇಕು. ತಮ್ಮ ಆಜ್ಞಾಧಾರಕ, ಸಿದ್ದಲಿಂಗಪ್ಪ." ಡಬ್ಬಿಯನ್ನು ಲಗತ್ತಾಗಿ ಮೇಜಿನ ಮೇಲಿಟ್ಟೆ.

ಓದಿದ ಡಾಕ್ಟರರು ನಗಲಿಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿದರು. ಎದ್ದು ಕೋಟು ಹಾಕಿಕೊಂಡರು. "ನಡೀರಿ, ಅವರನ್ನ ನೋಡಿದ ಮ್ಯಾಲೇ ಹೇಳತೀನಿ." ಬೆಂಚಿನ ತುಂಬ ಜನ ಕಾಯುತ್ತಿದ್ದರು. ಅವರನ್ನೆಲ್ಲ ಬಿಟ್ಟು ಆ ದೊಡ್ಡ ಮನುಷ್ಯ ನನ್ನ ಹಿಂದೆ ಬಿಸಿಲಲ್ಲಿ ನಡೆದು ಬಂದರು. ಆ ಹೆಜ್ಜೆಗಳ ಋಣ ನನ್ನ ಮೇಲೆ ಇಂದಿಗೂ ಇದೆ.

ಮನೆಯಲ್ಲಿ ಅವರು ಕಾಶವ್ವನಿಗೆ ನಿಧಾನವಾಗಿ ಕೇಳಿದರು: "ಈ ಮುಲಾಮು ಎಷ್ಟು ದಿನಾ ಹಚ್ಚೀರವ್ವ?"

"ಎರಡ ದಿನಾರಿ."

ನಾನು ಗೋಡೆ ಹಿಡಿದುಕೊಂಡೆ.

ಮೂರನೇ ದಿನವೇ ರಾಧಾಬಾಯಿಯವರು ಆಕೆಯನ್ನು ಹೆರಿಗೆ ಮನೆಯ ನರ್ಸು ನರ್ಮದಾಬಾಯಿಯವರಲ್ಲಿಗೆ ಕರೆದೊಯ್ದಿದ್ದರಂತೆ. ನರ್ಸು ಡಬ್ಬಿ ನೋಡಿದೊಡನೆ, ಬಸುರಿಯರಿಗೆ ಇದು ಬೇಡವೆಂದು ಬಿಡಿಸಿ ಬೇರೆ ಮದ್ದು ಕೊಟ್ಟಿದ್ದರಂತೆ. ಕಾಶವ್ವ ಮೊಣಕೈ ತೋರಿಸಿದಳು. ಹುಳಕಡ್ಡಿಯ ಸುಳಿವೂ ಇರಲಿಲ್ಲ.

"ಮತ್ತ ಡಬ್ಬಿ ಖಾಲಿಯಾಗತಿತ್ತಲ್ಲ?" ಎಂದೆ.

"ದಿನಾ ಮೂರು ಸಲ ಬೆರಳಲೆ ತಗದು ಬೂದಿಬುಟ್ಟಿಗೆ ಹಾಕತಿದ್ದೆ. ಸಂಜೀಕ ನೀವು ಡಬ್ಬಿ ತಗದು ನೋಡಿದಾಗ ನಿಮ್ಮ ಮುಖಾ ಎಷ್ಟು ಅರಳತಿತ್ತು. ಹೆಂಗ ಹೇಳಲಿ?"

"ಆದರ ಅವ್ವ ಆಣಿ ಹಾಕ್ಯಾಳ. ಯಾರ ಮುಂದೂ ಹೇಳಬಾರದು..."

"ಆಣಿ ನಿಮಗ ಹಾಕ್ಯಾರ. ನನಗ ಹೇಳಿದ್ದು ಬ್ಯಾರೆ. 'ಅವನ ಬಾಯಿ ಕಟ್ಟೇನಿ, ಇನ್ನ ನೀ ತಿಳದವರನ್ನ ಕೇಳಿ ಸುಸೂತ್ರ ನಡಕೋ' ಅಂದು ಹೋಗ್ಯಾರ."

ಡಾಕ್ಟರರು ನಾಡಿ ನೋಡಿ, ನಾಲ್ಕಾರು ಪ್ರಶ್ನೆ ಕೇಳಿ, "ಎರಡ ದಿನದ್ದು ಏನೂ ಭಯ ಇಲ್ಲ. ಆ ನರ್ಸಬಾಯಿ ಹೇಳಿದ್ದು ಸರಿ ಅದ. ಈ ಮನ್ಯಾಗ ರೋಗಿ ಒಬ್ಬರೇ" ಎಂದು ನನ್ನತ್ತ ಬೆರಳು ಮಾಡಿದರು. ಮುಚ್ಚಿಹೋಗಿದ್ದ ನನ್ನ ಕಣ್ಣುಗಳಿಂದ ನೀರು ಹೇಗೆ ದಾರಿ ಮಾಡಿಕೊಂಡಿತೋ ತಿಳಿಯದು. ಉಪ್ಪು ತಾಗಿ ಕೆನ್ನೆ ಧಗಧಗ ಉರಿಯಿತು. ಅಂಥ ಸುಖದ ಉರಿಯನ್ನು ನಾನು ಮತ್ತೆ ಕಂಡಿಲ್ಲ.

ಅಷ್ಟರಲ್ಲಿ ರಾಧಾಬಾಯಿಯವರು ಬಾಗಿಲಲ್ಲಿ ನಿಂತು ಮೇಲೆ ನೋಡುತ್ತಿದ್ದರು. "ಕಾಶೀ, ನಿನ್ನ ಕೂಸಿಗೆ ದೃಷ್ಟಿ ಆಗಬಾರದಂತ ಕಟ್ಟಿದ ಬಿಬ್ಬಾ ಎಲ್ಲಿ ಹೋತ?"

ಡಾಕ್ಟರರು ನನ್ನ ಮುಖ ನೋಡಿದರು. ಕಾಶವ್ವ ನೋಡಿದಳು. ಕೊನೆಗೆ ರಾಧಾಬಾಯಿಯವರೂ ನೋಡಿದರು. "ಹೋಗಲಿ ಬಿಡು," ಎಂದರು ಅವರು. "ಕೂಸಿಗೆ ಬರೂದನ್ನ ಅಪ್ಪ ತಗೊಂಡಾನ."

ಹದಿನೈದು ದಿನ ನಾನು ಮಲಗಿದೆ, ಬಸುರಿ ನನ್ನ ಆರೈಕೆ ಮಾಡಿದಳು. ಎಲ್ಲ ಜವಾಬ್ದಾರಿ ಹೊತ್ತವನ ಕಥೆ ಇದು. ಆಮೇಲೆ ಕುಬಸವಾಯಿತು, ದಿನ ತುಂಬಿ ಹೆಣ್ಣು ಹುಟ್ಟಿತು. ಕಲೆಯಿಲ್ಲದ, ಕೆಂಡಸಂಪಿಗೆಯಂಥ ಮೈ. ಇಂದೂ ಎಂದು ಹೆಸರಿಟ್ಟೆವು.

ಕಲೆ ಉಳಿದದ್ದು ನನ್ನ ಮುಂಗೈ ಮೇಲೆ. ಮೊನ್ನೆ ಇಂದೂ ಅದನ್ನು ಬೆರಳಿನಿಂದ ಉಜ್ಜಿ ಉಜ್ಜಿ ಸೋತು, ಇದು ಯಾಕೆ ಹೋಗುವುದಿಲ್ಲವೆಂದು ಕೇಳಿದಳು. ನಾನು ನೂರಾ ಹನ್ನೆರಡನೇ ಪುಟದಿಂದ ಆರಂಭಿಸಿ ಸವಿಸ್ತಾರವಾಗಿ ವಿವರಿಸಲು ಗಂಟಲು ಸರಿಮಾಡಿಕೊಂಡೆ. ಕಾಶವ್ವ ಒಲೆಯ ಮುಂದಿನಿಂದ ತಲೆಯೆತ್ತದೆಯೇ ಹೇಳಿದಳು:

"ಅಗಸರು ಅರಿವಿಗೆ ಗುರುತು ಹಾಕತಾರಲ್ಲವ್ವ, ಯಾರ ಮನೀದು ಅಂತ ತಪ್ಪಬಾರದಂತ? ನಿಮ್ಮಪ್ಪ ಹಂಗ ಎಲ್ಲೆರ ತಪ್ಪಿಸಿಕೊಂಡರ ತಂದು ನಮಗೇ ಕೊಡಲಿ ಅಂತ ಹಾಕಿದ್ದು."