ಪಂಪಿನ ಸದ್ದು ಹುಡುಕುವ ಲೈಬ್ರರಿ

ತಾನಿಲ್ಲದೆ ಅಂಗಡಿ ನಡೆಯುವುದಿಲ್ಲ ಎಂದು ನಂಬಿಕೊಂಡು ಬದುಕುವುದರಲ್ಲಿ ಒಂದು ಸುಖವಿದೆ. ಊಟ ಆರಿ ತಣ್ಣಗಾದರೂ ಆ ಸುಖ ಬಿಸಿಯಾಗಿಯೇ ಇರುತ್ತದೆ. ಏಳನೆಯ ತರಗತಿಗೇ ಶಾಲೆ ಬಿಟ್ಟು ಗದಗಿನಿಂದ ಬಂದು, ಮಹಾರಾಷ್ಟ್ರದ ವಾಳೂಜ್‌ನಲ್ಲಿ ನೀರಿನ ಪಂಪುಗಳ ಬಿಡಿಭಾಗದ ಅಂಗಡಿ ಕಟ್ಟಿದವನು ನಾನು. ಯಾವ ಡಬ್ಬಿಯಲ್ಲಿ ಏನಿದೆ ಎಂಬುದು ನನ್ನ ತಲೆಗಷ್ಟೇ ಗೊತ್ತು. ಹೀಗಾಗಿ ನಾಸಿಕದಲ್ಲಿರುವ ಮಗಳು ಹೆತ್ತು ತಿಂಗಳುಗಳು ಕಳೆದರೂ ಮೊಮ್ಮಗಳ ಮುಖ ನೋಡಿರಲಿಲ್ಲ.

“ಕೂಸು ನಡಿಯಾಕ ಕಲ್ತು ತಾನಾ ನಿಮ್ಮನ್ನ ನೋಡಾಕ ಬರ್ತೈತಿ, ಬಿಡ್ರಿ,” ಎಂದಳು ಹೆಂಡತಿ ಶಾಂತಾ.

ಅದು ಚುಚ್ಚಿತು. ಅಂಗಡಿಯ ಕಂಪ್ಯೂಟರಿಗೆ ಸಾಮಾನು ಹುಡುಕುವ ಪ್ರೋಗ್ರಾಮ್ ಬರೆದುಕೊಡಲು ಪಕ್ಕದ ಮನೆಯ ಬ್ಯಾಂಕಿನವರ ಮಗಳು ಸುಷ್ಮಾ ಒಪ್ಪಿದಳು. ಪ್ರೋಗ್ರಾಮಿನ ಹೊಟ್ಟೆಯೊಳಗೇ ಒಂದು ಸರ್ಚ್ ಲೈಬ್ರರಿ, ಅಂದರೆ ಹುಡುಕುವ ಸಿದ್ಧ ಕೋಡು, ಕೂಡಿಸಬೇಕಂತೆ. ಅದು ಸಾಮಾನಿನ ವಿವರವನ್ನೆಲ್ಲ ಮೊದಲೇ ಓದಿ, ಯಾವ ಶಬ್ದ ಎಲ್ಲಿದೆ ಎಂದು ಇಂಡೆಕ್ಸ್ ಮಾಡಿಟ್ಟುಕೊಳ್ಳುತ್ತದೆ. ನೆಟ್ಟೂ ಬೇಡ, ಬೇರೆ ಸರ್ವರೂ ಬೇಡ. ಅವಳು ಅಂಥವು ಮೂರನ್ನು ತಂದಳು. ನಾನು ಆಳು ಆರಿಸುವವನ ಗತ್ತಿನಲ್ಲಿ ಪರೀಕ್ಷೆಗೆ ಕುಳಿತೆ.

ಇಲ್ಲಿನ ಮರಾಠಿ ರೈತರು ಸಾಮಾನಿನ ಹೆಸರು ಹೇಳುವವರಲ್ಲ, ಪಂಪಿನ ಸದ್ದು ಹೇಳುವವರು. “ಖಟ್‌ಖಟ್ ಕರ್ತೋಯ್, ಶೇಠ್” ಎಂದರೆ ಬೇರಿಂಗು, “ಕುಂಯ್” ಎಂದರೆ ಸೀಲು. ವಿವರಗಳಲ್ಲಿ ಈ ಸದ್ದುಗಳನ್ನೂ ಹಟ ಹಿಡಿದು ಬರೆಸಿದ್ದೆ. ಮೊದಲನೆಯ ಲೈಬ್ರರಿ ಭಾರೀ ಚುರುಕು, ಆದರೆ ‘ಕುಂಯ್’ಗೆ ಉತ್ತರವಿಲ್ಲ.

“ಛೋಟಾ ಶಬ್ದ ಅದು ಇಟ್ಕೊಳ್ಳಂಗಿಲ್ಲ ಕಾಕಾ. ಫಾಲ್ತು ಅಂತ ಬಿಡ್ತದ,” ಎಂದಳು ಸುಷ್ಮಾ.

“ಗಿರಾಕಿ ಮಾತು ಒಗಿಯೋನು ನಮ್ಮ ಅಂಗಡ್ಯಾಗ ಬ್ಯಾಡವಾ!”

ಎರಡನೆಯದು ಎಲ್ಲವನ್ನೂ ಇಟ್ಟುಕೊಂಡಿತು, ಆದರೆ ನಮ್ಮ ಹಳೆಯ ಕಂಪ್ಯೂಟರು ಅದನ್ನು ಹೊರಲಾರದೆ ಏದುಸಿರು ಬಿಟ್ಟಿತು. ಮೂರನೆಯದು ಹಗುರ, ಏನನ್ನೂ ಒಗೆಯದು. ಕೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ. ನನಗೇಕೋ ಸಂಕಟ ಶುರುವಾಯಿತು.

“ನಾಕನೇದು ಇಲ್ಲೇನು?” ಎಂದೆ.

ಶಾಂತಾ ಕೀಬೋರ್ಡ್ ಎಳೆದುಕೊಂಡು ‘ಕುಂಯ್’ ಎಂದು ಬಡಿದಳು. ಸೀಲು, ಕೆಳಗಿನ ರ‍್ಯಾಕು, ಕೆಂಪು ಡಬ್ಬಿ. “ಇನ್ನ ಬಸ್ ಹತ್ರಿ,” ಎಂದಳು.

ನಾಸಿಕದಲ್ಲಿ ಮೊಮ್ಮಗಳು ತೊಡೆಯ ಮೇಲೆ, ಮೊಬೈಲು ಮಗ್ಗುಲಲ್ಲಿ. ಮೊಮ್ಮಗಳು ಎರಡು ಸಲ ಅತ್ತಳು. ಮೊಬೈಲು ಒಮ್ಮೆಯೂ ಬಾಯಿ ಬಿಡಲಿಲ್ಲ. ಸಂಜೆ ನಾನೇ ಅಂಗಡಿಯಲ್ಲಿದ್ದ ಶಾಂತಾಳಿಗೆ ಫೋನ್ ಹಚ್ಚಿದೆ.

“ಎಲ್ಲಾ ಸಿಗಾಕತ್ತೈತ್ರಿ. ಗಿರಾಕಿ ನಿಂತಾರ, ಫೋನ್ ಇಡ್ಲೇನು?”

ತಡೆಯಲಾಗಲಿಲ್ಲ. ನಡುನಡುವೆ ‘ಮಾಲೀಕರನ್ನು ಕೇಳಿ’ ಎಂದು ತೋರಿಸುವ ಹಾಗೆ ಪ್ರೋಗ್ರಾಮನ್ನು ಸ್ವಲ್ಪ ತಿದ್ದಲಿಕ್ಕೆ ಬರುತ್ತದೆಯೇ ಎಂದು ಸುಷ್ಮಾಳಿಗೂ ಫೋನ್ ಹಚ್ಚಿ ಗುಟ್ಟಾಗಿ ಕೇಳಿದೆ.

“ಬರ್ತದ ಕಾಕಾ,” ಎಂದಳು ಹುಡುಗಿ. “ಆದ್ರ ಮೊದಲು ಶಾಂತಾ ಕಾಕೂನ್ನ ಕೇಳಬೇಕಾಗ್ತದ.”