ಸದಾ ನಗುಮುಖದ ಗಾಳಿಮಾಪಕಕ್ಕೆ ಲಾಂಡ್ರಿಯವನ ಅಹವಾಲು

ಗ್ರಂಥಾಲಯದ ಹಿಂದಿನ ಹೂದೋಟದಲ್ಲಿ ನೆಲೆಸಿರುವ, ಗಾಳಿಯ ಗುಣಮಟ್ಟ ಅಳೆಯುವ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಹಳೇ ಟೈರು ಕಾಯಿಸಿ ಎಣ್ಣೆ ತೆಗೆಯುವ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲಾಂಡ್ರಿ ನಡೆಸಿಕೊಂಡು ಬಂದಿರುವ ಈ ಬಡಪಾಯಿಯ, ಮತ್ತು ಅಂಗಡಿಯಲ್ಲಿ ಇಸ್ತ್ರಿಯ ಪೂರ್ತಿ ಹೊಣೆ ಹೊತ್ತಿರುವ ನನ್ನ ಅಕ್ಕನ ವಂದನೆಗಳನ್ನು ದಯಮಾಡಿ ಸ್ವೀಕರಿಸಬೇಕು. ತಾವು ಕುಶಲವೇ ಎಂದು ಕೇಳುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ನಾಲ್ಕು ರಸ್ತೆ ಕೂಡುವಲ್ಲಿ ತಮ್ಮ ಪರವಾಗಿ ನಿಂತಿರುವ ಫಲಕ ಹಗಲೆಲ್ಲ ಹಸಿರು ಬೆಳಕು ಬೀರುತ್ತ, ‘ಉತ್ತಮ’ ಎಂಬ ಒಂದೇ ಪದದ ಪಕ್ಕದಲ್ಲಿ ನಗುವ ಮುಖವೊಂದನ್ನು ತೋರಿಸಿ, ತಮ್ಮ ಕ್ಷೇಮಸಮಾಚಾರವನ್ನು ಊರಿಗೆಲ್ಲ ಸಾರುತ್ತಲೇ ಇರುತ್ತದೆ. ಇಷ್ಟು ಗಟ್ಟಿಮುಟ್ಟಾದ ಆರೋಗ್ಯ ನಮ್ಮ ಬೀದಿಯಲ್ಲಿ ಇನ್ನೊಬ್ಬರಿಗಿಲ್ಲ.

ತಾವು ನಮ್ಮ ಊರಿಗೆ ದಯಮಾಡಿಸಿದ್ದು ನಮ್ಮದೇ ಅರ್ಜಿಯ ಫಲ ಎಂಬುದು ತಮಗೆ ತಿಳಿದಿರಲಾರದು. ಮಧ್ಯಾಹ್ನ ಗಾಳಿ ತಿರುಗಿದೊಡನೆ ಕಾರ್ಖಾನೆಯ ಕೊಳವೆಯಿಂದ ಹೊರಟ ಹೊಗೆ ನೇರವಾಗಿ ನಮ್ಮ ಮಾಳಿಗೆಗೇ ಬಂದು, ತಂತಿಯ ಮೇಲೆ ಒಣಗುತ್ತಿರುವ ಗಿರಾಕಿಗಳ ಬಿಳಿ ಅಂಗಿಗಳಿಗೆಲ್ಲ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆ ಇಟ್ಟು ಹೋಗುತ್ತಿದ್ದ ಕಾಲದಲ್ಲಿ, ಬೀದಿಯ ಮೂವತ್ತೊಂದು ಮನೆಗಳವರು ಸಹಿ ಹಾಕಿ, ನಾವು ಉಸಿರಾಡುತ್ತಿರುವುದು ಏನೆಂದಾದರೂ ಅಳೆದು ಹೇಳಿರೆಂದು ಬೇಡಿಕೊಂಡೆವು. ಪರಿಸರ ಕಚೇರಿಯವರು ಕರುಣೆ ತೋರಿ ತಮ್ಮನ್ನು ಕರೆಸಿದರು. ಕರೆಸಿ, ಕಾರ್ಖಾನೆಯಿಂದ ಒಂದೂವರೆ ಮೈಲಿ ದೂರದಲ್ಲಿ, ಹೊಗೆ ಎಂದೂ ಹಾಯದ ದಿಕ್ಕಿನಲ್ಲಿ, ಎತ್ತರದ ಗೋಡೆಯ ಮರೆಯಲ್ಲಿ, ದಾಸವಾಳದ ಸಾಲಿನ ನಡುವೆ ತಮ್ಮನ್ನು ಕೂರಿಸಿ, ದಿನಕ್ಕೆರಡು ಬಾರಿ ಸುತ್ತಲೂ ನೀರು ಚಿಮುಕಿಸಲು ಒಬ್ಬ ಮಾಲಿಯನ್ನೂ ನೇಮಿಸಿದರು. ಅಳಿಯನಿಗೂ ಇಂಥ ಉಪಚಾರ ನಡೆದದ್ದನ್ನು ನಾನು ಕಂಡಿಲ್ಲ.

ತಾವು ಬಂದ ಹನ್ನೊಂದು ತಿಂಗಳೂ ಫಲಕ ನಕ್ಕಿತು. ಅದು ನಕ್ಕ ಏಳನೆಯ ತಿಂಗಳಿನಲ್ಲಿ ಅಕ್ಕ ಕೆಮ್ಮತೊಡಗಿದಳು.

ನನ್ನ ಅಕ್ಕನ ಪರಿಚಯ ತಮಗಾಗಬೇಕು. ಐವತ್ತೆಂಟು ವರ್ಷ, ಗಂಡ ತೀರಿಕೊಂಡ ಮೇಲೆ, ಅಂಗಡಿ ತೆರೆದ ದಿನದಿಂದಲೂ ನನ್ನ ಜೊತೆಯಲ್ಲೇ ಇದ್ದಾಳೆ, ಅಂಗಿಯ ಕಾಲರ್ ನೋಡಿಯೇ ಯಜಮಾನನ ಸ್ವಭಾವ ಹೇಳಬಲ್ಲಳು, ಮಾತಿಗೆ ಮಾತು ಕೊಡದೆ ಬಿಟ್ಟವಳಲ್ಲ. ಎರಡು ತಿಂಗಳು ಕೆಮ್ಮನ್ನು ಶುಂಠಿ ಜೇನುತುಪ್ಪದಲ್ಲಿ ನೂಕಿ, ಒಂದು ದಿನ ಕರವಸ್ತ್ರದಲ್ಲಿ ರಕ್ತದ ಗೆರೆ ಕಂಡಾಗ, ಅದನ್ನು ನನಗೆ ಕಾಣದಂತೆ ತಾನೇ ಒಗೆದು ಹಾಕಿದಳು. ಆದರೆ ಲಾಂಡ್ರಿಯವನ ಕಣ್ಣಿಗೆ ಕಲೆ ಮುಚ್ಚಿಡುವುದು ಹೇಗೆ? ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ, ಸ್ಕ್ಯಾನು, ಸೂಜಿ ಚುಚ್ಚಿ ತೆಗೆದ ಮಾಂಸದ ಚೂರಿನ ಪರೀಕ್ಷೆ ಎಲ್ಲ ಮುಗಿದ ಮೇಲೆ, ಡಾಕ್ಟರಮ್ಮ ಕುರ್ಚಿಯನ್ನು ನಮ್ಮ ಹತ್ತಿರಕ್ಕೆ ಎಳೆದುಕೊಂಡು ಕೂತು, ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ಬೇಗ ಬಂದಿದ್ದೀರಿ, ಆಪರೇಷನ್ ಮಾಡಬಹುದು ಎಂದರು. ಅಕ್ಕ ಸೆರಗಿನ ಅಂಚನ್ನು ಇಸ್ತ್ರಿ ಮಾಡುವವಳಂತೆ ಅಂಗೈಯಲ್ಲಿ ಒತ್ತುತ್ತ ಕೂತಿದ್ದಳು.

ಬೀಡಿ ಸಿಗರೇಟು ಅಭ್ಯಾಸ ಉಂಟೇ ಎಂದು ಅವರು ಕೇಳಿದ್ದಕ್ಕೆ, “ನಾನು ಸೇದಿಲ್ಲಮ್ಮ, ನಮ್ಮ ಬೀದಿ ಸೇದುತ್ತೆ,” ಎಂದಳು.

ಡಾಕ್ಟರಮ್ಮ ನಗಲಿಲ್ಲ. ಬೀದಿ ಯಾವುದೆಂದು ಕೇಳಿ ಬರೆದುಕೊಂಡು, ತೂಕ ಮಾಡಿ ಮಾತಾಡಿದರು: “ನೋಡಿ, ಈ ಹೊಗೆಯಿಂದಲೇ ನಿಮಗೆ ಬಂತು ಅಂತ ನಾನು ಹೇಳೋಕಾಗಲ್ಲ, ಯಾರಿಗೂ ಆಗಲ್ಲ. ಆದರೆ ಕೆಟ್ಟ ಗಾಳೀಲಿ ವರ್ಷಗಟ್ಟಲೆ ಇರೋರಲ್ಲಿ ಈ ಕಾಯಿಲೆ ಸ್ವಲ್ಪ ಜಾಸ್ತಿ. ಸೇದದೇ ಇರೋರಲ್ಲೂ. ಸಾವಿರ ಜನರನ್ನ ಇಟ್ಟು ನೋಡಿದರೆ ಆ ಹೆಚ್ಚು ಕಾಣುತ್ತೆ, ಒಬ್ಬರನ್ನ ಇಟ್ಟು ನೋಡಿದರೆ ಕಾಣಲ್ಲ.”

ಅಕ್ಕ, “ಅಂದ್ರೆ ಬೀದೀಲಿ ಕಳ್ಳತನ ಆಗಿರೋದು ಖಾತ್ರಿ, ನಮ್ಮನೆಗೇ ನುಗ್ಗಿದನಾ ಅನ್ನೋದಷ್ಟೇ ಅನುಮಾನ,” ಎಂದಳು. ಹೆಚ್ಚು ಕಡಿಮೆ ಹಾಗೆಯೇ ಎಂದು ಡಾಕ್ಟರಮ್ಮ ಒಪ್ಪಿಕೊಂಡರು.

ಮಾನ್ಯರೇ, ಆ ಹೊತ್ತಿನಲ್ಲಿ ನನಗೆ ತಮ್ಮ ನೆನಪಾಯಿತು. ಆಸ್ಪತ್ರೆಯಿಂದ ಮರಳುವಾಗ ಆಟೋ ನಾಲ್ಕು ರಸ್ತೆಯಲ್ಲಿ ನಿಂತಿತು, ತಾವು ‘ಉತ್ತಮ’ ಎಂದಿರಿ. ಅಕ್ಕ ಫಲಕವನ್ನೇ ದಿಟ್ಟಿಸಿ, “ಇದಕ್ಕೆ ಯಾರು ಸಾಕ್ಷಿ?” ಎಂದು ಕೇಳಿದಳು.

ಆಪರೇಷನ್‌ಗೆ ಮೂರು ವಾರವಿತ್ತು. ಇಸ್ತ್ರಿ ಮುಟ್ಟಬೇಡ, ಆರಾಮಾಗಿರು ಎಂದು ನಾನು ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು. ಹಳೆಯ ಬಿಳಿ ದುಪ್ಪಟಿಯೊಂದನ್ನು ಅಂಗೈಯಗಲದ ಚೌಕಗಳಾಗಿ ಕತ್ತರಿಸಿ, ಗಿರಾಕಿಗಳ ಬಟ್ಟೆಗೆ ಗುರುತು ಹಾಕುವ ಅಳಿಸದ ಶಾಯಿಯಲ್ಲಿ ಒಂದೊಂದರ ಮೂಲೆಗೂ ತಾರೀಕು ಬರೆದು, ದಿನಕ್ಕೊಂದರಂತೆ ಬೆಳಿಗ್ಗೆ ಮಾಳಿಗೆಯ ತಂತಿಗೆ ಸಿಕ್ಕಿಸಿ ಸಂಜೆ ತೆಗೆದಳು. ತೆಗೆದ ಪ್ರತಿ ಚೌಕದ ಜೊತೆ, ಆ ದಿನ ತಮ್ಮ ಫಲಕ ಏನೆಂದಿತು ಎಂಬುದನ್ನೂ ನನ್ನಿಂದ ಚೀಟಿಯಲ್ಲಿ ಬರೆಸಿದಳು. ಹತ್ತೊಂಬತ್ತು ಚೌಕ, ಹತ್ತೊಂಬತ್ತು ‘ಉತ್ತಮ’. ಬಟ್ಟೆಗಳು ಮಾತ್ರ ಬೂದುಗುಂಬಳದ ಮೈಯಂತೆ ಬೂದು ಹಿಡಿದು ಕೂತಿದ್ದವು.

ಅವನ್ನೆಲ್ಲ ಚೀಲದಲ್ಲಿಟ್ಟುಕೊಂಡು ಇಬ್ಬರೂ ಪರಿಸರ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿಗಳು ಬಲು ಸೌಜನ್ಯದವರು. ಕೂರಿಸಿದರು, ಚಹಾ ಕೊಟ್ಟರು, ಹತ್ತೊಂಬತ್ತು ಚೌಕಗಳನ್ನೂ ಬೆರಳ ತುದಿಯಲ್ಲಿ ಎತ್ತಿ ನೋಡಿದರು. ಆಮೇಲೆ ಬಟ್ಟೆ ದಾಖಲೆಯಾಗುವುದಿಲ್ಲ, ಯಂತ್ರ ಹೇಳಿದ್ದೇ ದಾಖಲೆ ಎಂದು ವಿವರಿಸಿದರು.

“ಆ ಯಂತ್ರ ನಮ್ಮನೇಲಿ ಇದ್ದಿದ್ರೆ ಅದೂ ಕೆಮ್ಮತಿತ್ತು ಸಾರ್,” ಎಂದಳು ಅಕ್ಕ. ಎಂದವಳಿಗೆ ಆಗಲೇ ಕೆಮ್ಮು ಬಂದು, ನಿಲ್ಲುವವರೆಗೆ ಕಾಯಬೇಕಾಗಿ, ಅಧಿಕಾರಿಗಳು ಕಿಟಕಿಯ ಆಚೆ ನೋಡುತ್ತ ಕೂತರು.

ಅಲ್ಲಿಂದ ಬಂದವಳು ಮನೆಗೆ ಹೋಗಲು ಒಪ್ಪದೆ, ತಮ್ಮನ್ನೇ ಕಣ್ಣಾರೆ ನೋಡಬೇಕೆಂದು ಹಟ ಹಿಡಿದದ್ದರಿಂದ ನಾವು ಹೂದೋಟಕ್ಕೆ ಬಂದೆವು. ತಮಗೆ ಜ್ಞಾಪಕವಿದ್ದೀತು, ಅಂದು ತಮ್ಮ ಹೊಟ್ಟೆ ತೆರೆದು ಸೋಸುಕಾಗದ ಬದಲಿಸುತ್ತಿದ್ದ, ಮೂರು ತಿಂಗಳಿಗೊಮ್ಮೆ ಬರುವ ಮೆಕ್ಯಾನಿಕ್ ಒಬ್ಬರಿದ್ದರು. ತಲೆ ನರೆತ, ಜೇಬಿನ ತುಂಬ ಸ್ಕ್ರೂಡ್ರೈವರ್ ಇಟ್ಟುಕೊಂಡ ಮನುಷ್ಯ. ಅಕ್ಕ ಅವರ ಮುಂದೆ ಚೌಕಗಳನ್ನು ಕಲ್ಲುಬೆಂಚಿನ ಮೇಲೆ ಸಾಲಾಗಿ ಹರಡಿ, ಈ ನಿಮ್ಮ ಯಂತ್ರ ಸುಳ್ಳು ಹೇಳುತ್ತದೆ ಎಂದಳು.

ಅವರು ಬಟ್ಟೆ ನೋಡಿದರು, ತಮ್ಮ ಹೊಟ್ಟೆಯಿಂದ ಆಗಷ್ಟೇ ಹೊರತೆಗೆದಿದ್ದ ಸೋಸುಕಾಗದ ನೋಡಿದರು. ಕಾಗದ ಹಾಲಿನಷ್ಟು ಬಿಳುಪಾಗಿತ್ತು. “ಯಂತ್ರ ಸುಳ್ಳು ಹೇಳಲ್ಲಕ್ಕ. ಅದನ್ನ ಕೂರಿಸಿರೋ ಜಾಗ ಹೇಳ್ತಾ ಇದೆ,” ಎಂದರು. “ನಾನು ರಿಪೇರಿಯವನು, ನನ್ನ ಯಾರೂ ಕೇಳಲಿಲ್ಲ. ನೀವು ಕೇಳಿದ್ರಿ, ಹೇಳಿದೆ.”

ಹೇಳಿ ಸುಮ್ಮನಾಗದೆ, ಆ ದಿನದ ತಪಾಸಣಾ ವರದಿಯಲ್ಲಿ ಷರಾ ಬರೆಯುವ ಜಾಗದಲ್ಲಿ, ಯಂತ್ರ ಜನವಸತಿಯಿಂದಲೂ ಹೊಗೆಯಿಂದಲೂ ದೂರವಿದೆ, ಸುತ್ತ ನೀರು ಚಿಮುಕಿಸಲಾಗುತ್ತಿದೆ, ಇಲ್ಲಿನ ಅಂಕಿಗಳು ಕಾರ್ಖಾನೆಯ ಬೀದಿಗೆ ಅನ್ವಯಿಸವು ಎಂದು ದುಂಡಗೆ ಬರೆದು ಸಹಿ ಮಾಡಿ, ನಮಗೊಂದು ಪ್ರತಿ ಕೊಟ್ಟರು. ಆ ಕಾಗದ ಬಟ್ಟೆಯಲ್ಲವಾದ್ದರಿಂದ ದಾಖಲೆಯಾಯಿತು. ಹತ್ತು ದಿನಗಳಲ್ಲಿ ತಮ್ಮನ್ನು ಲಾರಿಯಲ್ಲಿ ತಂದು ನಮ್ಮ ಮಾಳಿಗೆಗೆ ಏರಿಸಿದರು.

ಅಂದು ಅಕ್ಕ ಆಪರೇಷನ್ ಮುಗಿಸಿ ಆಸ್ಪತ್ರೆಯಲ್ಲಿದ್ದಳು. ಪಕ್ಕೆಯಲ್ಲಿ ಕೊಳವೆ, ಮೂಗಿಗೆ ಆಕ್ಸಿಜನ್, ಮಾತಾಡಿದರೆ ನೋವು. ಮಧ್ಯಾಹ್ನ ಗಾಳಿ ತಿರುಗಿ ಅರ್ಧ ಗಂಟೆಯಾಗುವಷ್ಟರಲ್ಲಿ ಫಲಕದ ಹಸಿರು ಹಳದಿಯಾಗಿ, ಕಿತ್ತಳೆಯಾಗಿ, ಕೊನೆಗೆ ಕೆಂಪಾಗಿ, ಹನ್ನೊಂದು ತಿಂಗಳು ನಕ್ಕ ಮುಖ ಬಾಯಿ ಕೆಳಗೆ ಮಾಡಿಕೊಂಡಿತು. ನಾನು ಓಡಿಹೋಗಿ ಹೇಳಿದೆ. ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡಳು. ಗೆದ್ದ ಖುಷಿ ಅವಳ ಮುಖದಲ್ಲಿರಲಿಲ್ಲ. “ಇಪ್ಪತ್ತೆರಡು ವರ್ಷ ಕಣೋ,” ಎಂದಳು, ಅಷ್ಟೇ.

ತಾವು ಒಂಬತ್ತು ದಿನ ನಮ್ಮ ಜೊತೆಯಿದ್ದು ಒಂಬತ್ತೂ ದಿನ ಕೆಂಪಾದ ಮೇಲೆ, ಹೊಗೆ ತೊಳೆಯುವ ಸಲಕರಣೆ ಕೂರಿಸುವವರೆಗೆ ಕುಲುಮೆ ಹಚ್ಚಕೂಡದೆಂದು ಕಾರ್ಖಾನೆಗೆ ಆದೇಶ ಹೋಯಿತು. ನಾಲ್ಕು ತಿಂಗಳು ಮುಚ್ಚಿತ್ತು. ನಮ್ಮ ಪಕ್ಕದ ಮನೆಯವನೇ ಅಲ್ಲಿ ಕುಲುಮೆ ಕೆಲಸಗಾರ. ನಿಮ್ಮ ಬಟ್ಟೆ ಬೆಳ್ಳಗಾಗಲು ನಮ್ಮ ಒಲೆ ಆರಬೇಕೇ ಎಂದು ಜಗಳಕ್ಕೆ ಬಂದ. ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ಅಕ್ಕ ಬಾಗಿಲಿಗೆ ಒರಗಿ ನಿಂತು, “ನಾವು ದೂರದಿಂದ ಕುಡಿದದ್ದನ್ನ ನೀನು ಬಾಯಿಟ್ಟು ಕುಡಿದಿದ್ದೀಯಪ್ಪ. ಮೊದಲು ಹೋಗಿ ಎದೆ ತೋರಿಸಿಕೊಂಡು ಬಾ, ಆಮೇಲೆ ಬೈಯುವೆಯಂತೆ,” ಎಂದಳು. ಮಾರನೆಯ ವಾರ ಅವನು ಹೋಗಿ ತೋರಿಸಿಕೊಂಡು ಬಂದ. ಸದ್ಯಕ್ಕೇನೂ ಇಲ್ಲವಂತೆ. ಬೈಯುವುದನ್ನು ಅವನು ಮರೆತ. ನಾಲ್ಕು ತಿಂಗಳು ಅವನಿಗೆ ನಮ್ಮ ಅಂಗಡಿಯಲ್ಲೇ ಒಗೆಯುವ ಕೆಲಸವಿತ್ತು, ಸೋಪು ಜಾಸ್ತಿ ಸುರಿಯುತ್ತಾನೆಂಬುದನ್ನು ಬಿಟ್ಟರೆ ದೂರಿಲ್ಲ.

ಈಗ ಕುಲುಮೆ ಮತ್ತೆ ಉರಿಯುತ್ತಿದೆ. ಹೊಗೆ ಕಮ್ಮಿಯಾಗಿದೆ, ಆದರೆ ನಿಂತಿಲ್ಲ. ಎಷ್ಟು ಕಮ್ಮಿಯಾಗಿದೆ ಎಂದು ತಮ್ಮನ್ನು ಕೇಳೋಣವೆಂದರೆ, ‘ಉದ್ದೇಶ ಈಡೇರಿತು’ ಎಂಬ ಟಿಪ್ಪಣಿಯೊಂದಿಗೆ ತಮ್ಮನ್ನು ಮರಳಿ ದಾಸವಾಳಗಳ ನಡುವೆ ಕೂರಿಸಲಾಗಿದೆ, ಮಾಲಿಯೂ ಕೆಲಸಕ್ಕೆ ಮರಳಿದ್ದಾನೆ, ಫಲಕವೂ ನಗುತ್ತಿದೆ. ಅಕ್ಕ ಬಲ ಶ್ವಾಸಕೋಶದ ಮೂರರಲ್ಲೊಂದು ಪಾಲನ್ನು ಆಸ್ಪತ್ರೆಗೆ ಕೊಟ್ಟು ಬಂದು, ಮೂಲೆಯ ಶಾಲೆಯವರೆಗೆ ನಡೆಯುತ್ತಾಳೆ, ಅಲ್ಲಿ ಕಟ್ಟೆಯ ಮೇಲೆ ಕೂತು ಉಸಿರು ತೆಗೆದುಕೊಂಡು, ಮಕ್ಕಳು ಬಯಲಿನಲ್ಲಿ ಓಡುವುದನ್ನು ನೋಡುತ್ತಾಳೆ. ನನ್ನ ಕಾಯಿಲೆಗೆ ಕಾರಣ ಯಾರೆಂದು ಗೊತ್ತಾಗದಿದ್ದರೂ ನಡೆದೀತು, ಈ ಮಕ್ಕಳ ಉಸಿರಿನಲ್ಲಿ ಏನಿದೆ ಎಂಬುದಾದರೂ ಗೊತ್ತಾಗಬೇಕು ಎಂಬುದು ಅವಳ ವಾದ.

ಆದ್ದರಿಂದ ಮಾನ್ಯರಲ್ಲಿ ನಮ್ರ ಬೇಡಿಕೆ ಇಷ್ಟೇ: ತಾವು ಆ ಶಾಲೆಯ ಮಾಳಿಗೆಗೆ ಕಾಯಂ ವಾಸಕ್ಕೆ ಬರಬೇಕು. ಅದು ಸಾಧ್ಯವಿಲ್ಲವಾದರೆ, ನಮ್ಮ ಬೀದಿಯ ಮೂವತ್ತೊಂದು ಮನೆಗಳನ್ನೂ ಶಾಲೆಯನ್ನೂ ಎತ್ತಿ ಹೂದೋಟದಲ್ಲಿಡಲು ಶಿಫಾರಸು ಮಾಡಬೇಕು; ಅದೂ ಕಷ್ಟವೆಂದರೆ, ಮಧ್ಯಾಹ್ನದ ಗಾಳಿ ದಿಕ್ಕು ತಿರುಗುವ ಮುನ್ನ ಕಚೇರಿಯ ಲಿಖಿತ ಅನುಮತಿ ಪಡೆಯತಕ್ಕದ್ದೆಂದು ಸುತ್ತೋಲೆ ಹೊರಡಿಸಬೇಕು. ಮೂರರಲ್ಲಿ ಯಾವುದು ಸುಲಭವೋ ತಾವೇ ಅಳೆದು ನೋಡಿ.

ಇಂತಿ, ಇರುವ ಗಾಳಿಯಲ್ಲೇ ಉಸಿರಾಡಿಕೊಂಡಿರುವ
ತಮ್ಮ ವಿಶ್ವಾಸಿ,
ಲಾಂಡ್ರಿಯವನು

ಮರೆತ ಮಾತು: ಕಾರ್ಖಾನೆಯ ಯಜಮಾನರು ಊರಾಚೆಯ ತಮ್ಮ ಬಂಗಲೆಯ ಹಾಸಿಗೆ ಬಟ್ಟೆಗಳನ್ನು ಕಳೆದ ತಿಂಗಳಿಂದ ನಮ್ಮಲ್ಲಿಗೇ ಕಳಿಸುತ್ತಿದ್ದಾರೆ. ಮನೆಯೊಳಗೆ ಒಣಗಿಸಿದರೆ ವಾಸನೆ ಹಿಡಿಯುತ್ತದೆ, ಬಯಲಿನಲ್ಲೇ ಒಣಗಿಸಬೇಕೆಂದು ಅವರ ಮನೆಯಾಕೆಯ ಕಟ್ಟಪ್ಪಣೆ. ದಿಂಬಿನ ಗವಸುಗಳಿಗೆ ಅಕ್ಕ ಮಾಳಿಗೆಯಲ್ಲಿ ಕಾರ್ಖಾನೆಯ ಕಡೆಗಿರುವ ಮೊದಲ ತಂತಿಯನ್ನೇ ಮೀಸಲಿಟ್ಟಿದ್ದಾಳೆ.