ಗಂಜಿಯ ವೇಳೆ ಮತ್ತು ಮುಳುಗಿದ ಲಾಂಚು

ವೇಳೆಗೆ ಸರಿಯಾಗಿ ಬದುಕುವವರನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಯಾರೂ ಪ್ರವಾಸಕ್ಕೆ ಕರೆಯುವುದಿಲ್ಲ. ಕೈಗಾದ ಕಂಪನಿ ಬಸ್ಸು ಯಾರಿಗೂ ಕಾಯುವುದಿಲ್ಲ ಎಂಬ ಒಂದೇ ಮಂತ್ರದಲ್ಲಿ ನನ್ನ ನೌಕರಿ ಮುಗಿಯಿತು. ನಿವೃತ್ತನಾದ ಮೇಲೂ ಆ ಬಸ್ಸಿಗೆಂದೇ ಏಳುತ್ತೇನೆ, ಹತ್ತಕ್ಕೆ ಗಂಜಿ ಉಣ್ಣುತ್ತೇನೆ. ಕಾರವಾರದಲ್ಲಿ ಹುಟ್ಟಿಯೂ ಈಜು ಕಲಿಯಲಿಲ್ಲ. ಅದರಲ್ಲಿ ನಾಚಿಕೆಯೇನಿಲ್ಲ, ನಮ್ಮಲ್ಲಿ ನೀರಿಗಿಳಿಯುವವರು ಒಂದೋ ಮೀನುಗಾರರು, ಇಲ್ಲವೇ ಘಟ್ಟದ ಮೇಲಿನಿಂದ ಬಂದ ಪ್ರವಾಸಿಗರು. ಉಳಿದವರೆಲ್ಲ ದಂಡೆಯಲ್ಲಿ ನಿಂತು ಗಾಳಿ ತಿನ್ನುವವರು.

ಹೀಗಿರುವಾಗ ಕಾಳಿ ನದಿಯಲ್ಲಿ, ಉಪ್ಪುನೀರು ತಲುಪದಷ್ಟು ಮೇಲೆ, ಯಾರೋ ಒಂದು ಜಲೋದ್ಯಾನ ಮಾಡಿದರು. ನಡುಗಡ್ಡೆಯ ಮೇಲೆ ಡೇರೆಗಳು, ನೀರಿನಡಿ, ಮುಳುಗಿ ನೋಡುವವರಿಗಾಗಿ ಬೇಕೆಂದೇ ಮುಳುಗಿಸಿದ ಹಳೆಯ ಲಾಂಚು. ಸೇತುವೆ ಬರುವ ಮೊದಲು ಸದಾಶಿವಗಡದವರನ್ನು ಕಾರವಾರಕ್ಕೆ ದಾಟಿಸುತ್ತಿದ್ದ ಲಾಂಚು ಅದೇ ಎಂದು ನನ್ನ ಹೆಂಡತಿ ಸುಮಿತ್ರೆಯ ಕಿವಿಗೆ ಬಿತ್ತು. ಅವಳ ತವರು ಸದಾಶಿವಗಡ. ಮದುವೆಯಾಗಿ ಅದರಲ್ಲೇ ಬಂದವಳು. ಲಾಂಚುಗಳೆಲ್ಲ ಒಂದೇ ಥರ ಇರುತ್ತವೆ ಎಂದು ನಾನು ವಾದಿಸಿದೆ. ಮಂಡಿನೋವಿನಿಂದ ವರ್ಷಗಟ್ಟಲೆ ಮಣೆಯ ಮೇಲೆ ಕೂರದ ಅವಳು, ನೀರಿನೊಳಗೆ ಮಂಡಿಗೆ ಭಾರವೇ ಇಲ್ಲವಂತೆ ಎಂದಳು.

"ಒಂದ್ಸಲ ಆ ಲಾಂಚಿನ ಬೆಂಚಿನ ಮೇಲೆ ಕೂತ್ಕಂಡು ಬರ್ತೇನೆ. ಮತ್ತೆಂತದೂ ಕೇಳೂದಿಲ್ಲ."

ಹೋದೆವು. ನಡುಗಡ್ಡೆ ತಲುಪುವಾಗ ಹತ್ತಾಯಿತು. ಅವಳು ಮುಳುಗುವ ಉಡುಪು ತೊಡಲು ಹೋದಾಗ ನಾನು ಮರದ ನೆರಳಲ್ಲಿ ಕುಳಿತು, ಡಬ್ಬಿಯ ಗಂಜಿಯನ್ನು ಒಣಮೀನಿನ ಚಟ್ನಿಯೊಂದಿಗೆ ಕ್ರಮವಾಗಿ ಮುಗಿಸಿದೆ. ಅಷ್ಟರಲ್ಲಿ ಮುಳುಗು ಕಲಿಸುವ, ಅವರ್ಸಾ ಊರಿನ ಹುಡುಗಿ ಬಂದಳು. ಇಲ್ಲಿ ಒಂಟಿಯಾಗಿ ಯಾರನ್ನೂ ಇಳಿಸುವುದಿಲ್ಲ, ಅಮ್ಮನಿಗೆ ಜೋಡಿ ನೀವೇ ಎಂದಳು. ನಾನು ಬೆವರುವಷ್ಟರಲ್ಲಿ ಅವಳ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಅಜ್ಜಾ, ಹೊಟ್ಟೆ ತುಂಬ ಉಂಡ್ಕಂಡು ನೀರಿಗೆ ಇಳಿಯೂದಾ? ಇವತ್ತು ಇಬ್ರಿಗೂ ಇಲ್ಲ."

ಬದುಕಿದೆ ಎಂದುಕೊಂಡೆ. ಆಮೇಲೆ ಸುಮಿತ್ರೆಯನ್ನು ನೋಡಿದೆ. ಹಣೆಯ ಮೇಲಿದ್ದ ಮುಳುಗುವ ಕನ್ನಡಕವನ್ನು ಮೆಲ್ಲಗೆ ತೆಗೆದು ಒರೆಸುತ್ತಿದ್ದಳು. ಬೈದಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ, ಅವಳು ಬೈಯಲಿಲ್ಲ. ನಾಳೆ ಬೆಳಿಗ್ಗೆ ಇಳಿಸುತ್ತೀರಾ ಎಂದು ಹುಡುಗಿಯನ್ನು ಕೇಳಿದ ದನಿ ನನ್ನದೇ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು.

ಡೇರೆಯಲ್ಲಿ ಉಳಿದು, ಮರುದಿನ ಗಂಜಿಯಿಲ್ಲದೆ ಇಳಿದೆವು. ಉಸಿರು ಬಿಗಿಹಿಡಿಯಬೇಡಿ, ಒಂದೇ ಲೆಕ್ಕದಲ್ಲಿ ಬಿಡುತ್ತಿರಿ ಎಂದಿದ್ದಳು ಹುಡುಗಿ. ಒಂದೇ ಲೆಕ್ಕದಲ್ಲಿ ಏನನ್ನೂ ಮಾಡಬಲ್ಲವನು ನಾನು! ಹಸಿರು ನೀರಿನಲ್ಲಿ ಲಾಂಚು ಕಂಡಿತು. ಸುಮಿತ್ರೆ ಮಂಡಿ ಮಡಚಿ, ಹುಡುಗಿಯರಂತೆ ಬೆಂಚಿನ ಮೇಲೆ ಕುಳಿತು, ಪಕ್ಕದ ಜಾಗ ತಟ್ಟಿದಳು. ಕುಳಿತೆ. ಅದೇ ಲಾಂಚು ಎಂದು ಅವಳು ಸನ್ನೆ ಮಾಡಿದಳು. ಬಾಯಲ್ಲಿ ಉಸಿರಾಟದ ಕೊಳವೆ ಇದ್ದುದರಿಂದ ನಾನು ವಾದಿಸಲಿಲ್ಲ.

ಮೇಲೆ ಬಂದಾಗ ಹತ್ತು ಕಳೆದಿತ್ತು, ಗಂಜಿಯ ನೆನಪೇ ಆಗಿರಲಿಲ್ಲ. ಇದನ್ನು ಅವಳಿಗೆ ಹೇಳಿದ್ದೇ ತಪ್ಪಾಯಿತು. ಮತ್ತೆಂತದೂ ಕೇಳುವುದಿಲ್ಲ ಎಂದವಳು, ಮಳೆಗಾಲ ಕಳೆದ ಮೇಲೆ ಮತ್ತೆ ಹೋಗುವುದೆಂದು ಗೊತ್ತು ಮಾಡಿದ್ದಾಳೆ. ಎಷ್ಟು ಗಂಟೆಗೆ ಹೊರಡುವುದು ಎಂದು ಮೊನ್ನೆ ವಿಚಾರಿಸಿದೆ.

"ವೇಳೆ ನಾನು ನೋಡ್ಕಳ್ತೇನೆ. ನೀವು ಹೊಟ್ಟೆ ಖಾಲಿ ಇಟ್ಕಳಿ, ಸಾಕು."

ಅಭ್ಯಾಸವಾಗಲೆಂದು ಈಗ ನನಗೆ ಗಂಜಿ ಹನ್ನೊಂದಕ್ಕೆ ಸಿಗುತ್ತಿದೆ. ಸರಿಯಾಗಿ ಹನ್ನೊಂದಕ್ಕೆ.